‘ಬೇಡ’ ಎಂಬ ಕಾಯಿಲೆ

ನಮ್ಮ ಸೀಮೆಯಲ್ಲಿ ಮನುಷ್ಯ ಏನನ್ನು ಬೇಕಾದರೂ ಬೇಡ ಎನ್ನಬಹುದು. ಪಟೇಲಿಕೆ ಬೇಡ ಎನ್ನಬಹುದು, ಅಪ್ಪನ ಆಸ್ತಿಯಲ್ಲಿ ಪಾಲು ಬೇಡ ಎನ್ನಬಹುದು, ಔಷಧಿ ಬೇಡವೆಂದು ಹಟ ಹಿಡಿದು ಚಳಿಜ್ವರದಲ್ಲಿ ಪ್ರಾಣವನ್ನೇ ಬಿಡಬಹುದು. ‘ಅವನ ಇಷ್ಟ’ ಎಂದು ಜನ ಸುಮ್ಮನಾಗುತ್ತಾರೆ. ಎರಡನ್ನು ಮಾತ್ರ ಬೇಡ ಎನ್ನಕೂಡದು. ಒಂದು ಕಾಫಿ, ಇನ್ನೊಂದು ಮದುವೆ. ಯಾರ ಮನೆಯಲ್ಲಾದರೂ ಕಾಫಿ ಬೇಡ ಎಂದು ನೋಡಿ, ಯಜಮಾನನ ಮುಖ ಸಣ್ಣಗಾಗುತ್ತದೆ. ‘ಯಾಕೆ, ಪಿತ್ತವೇ?’ ಎಂದು ಕೇಳುತ್ತಾನೆ. ಪಿತ್ತವಿಲ್ಲ ಎಂದರೆ ‘ನಮ್ಮ ಮೇಲೆ ಏನಾದ್ರೂ ಬೇಜಾರೇ?’ ಎನ್ನುತ್ತಾನೆ. ಬೇಜಾರೂ ಇಲ್ಲ ಎಂದರೆ ಒಳಗೆ ತಿರುಗಿ, ‘ಸಂಕೋಚ ಮಾಡ್ಕೊಳ್ತಿದಾರೆ, ದೊಡ್ಡ ಲೋಟದಲ್ಲೇ ತಗೊಂಬಾ’ ಎಂದು ಕೂಗುತ್ತಾನೆ. ಬೇಡ ಎಂದರೆ ಮೈಗೆ ಆಗುವುದಿಲ್ಲ ಎಂದೋ, ಮುನಿಸು ಎಂದೋ, ಇನ್ನೊಂದು ಸಲ ಒತ್ತಾಯ ಮಾಡಿ ಎಂದೋ ತಿಳಿಯುತ್ತಾರೆ. ಬರೀ ಬೇಡ ಎಂದೂ ಇರಬಹುದು ಎನ್ನುವುದು ಬಾಬಾಬುಡನ್‌ಗಿರಿಯಿಂದ ಕಳಸದವರೆಗೆ ಒಬ್ಬರಿಗೂ ಹೊಳೆದಂತಿಲ್ಲ. ಇಂಥ ಸೀಮೆಯಲ್ಲಿ ಎರಡನ್ನೂ ಬೇಡವೆನ್ನುವ ಪ್ರಾಣಿಯೊಂದು ಹುಟ್ಟಿಕೊಂಡಿತು. ಅದು ನಾನು.

ಕಾಫಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ಅದು ಸುಲಭ. ಚಿಕ್ಕಮಗಳೂರಿನ ಒಂದು ಕಾಫಿ ವರ್ಕ್ಸಿನಲ್ಲಿ ನನಗೆ ಕೆಲಸ. ತೋಟಗಳಿಂದ ಬರುವ ಕಾಫಿಯ ಸಿಪ್ಪೆ ತೆಗೆದು, ಬೀಜ ಆರಿಸಿ, ಚೀಲ ಹೊಲಿದು ಹಡಗಿಗೆ ಕಳಿಸುವ ಜಾಗ ಅದು. ಅಲ್ಲಿ ನಾನು ರುಚಿ ನೋಡುವವನು. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು, ಹಾಲಿಲ್ಲ, ಸಕ್ಕರೆಯಿಲ್ಲ. ಚಮಚದಲ್ಲಿ ಎತ್ತಿ, ಪಕ್ಕದ ಕೋಣೆಗೆ ಕೇಳಿಸುವಂತೆ ಸೊರ್ರೆಂದು ಹೀರಿ, ನಾಲಿಗೆಯ ಮೇಲೆ ಹೊರಳಿಸಿ, ಬಲಗಾಲಿನ ಪಕ್ಕದಲ್ಲಿಟ್ಟಿರುವ ಹಿತ್ತಾಳೆ ಪೀಕದಾನಿಗೆ ಉಗುಳಿ, ಏನು ದೋಷವೆಂದು ಹೇಳಬೇಕು. ಒಂದು ಗುಟುಕನ್ನೂ ನುಂಗುವಂತಿಲ್ಲ. ನುಂಗಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಕಾಫಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಕುಡಿಯುವ ಆಸೆ ಮಾತ್ರ ಇಲ್ಲ. ನಮ್ಮ ವರ್ಕ್ಸಿನ ಇಂಗ್ಲಿಷ್ ದೊರೆ ಇದನ್ನು ಕೇಳಿ ಬಹಳ ಸಂತೋಷಪಟ್ಟ. ಕುಡಿಯುವವನಿಗೆ ಪಕ್ಷಪಾತ ಬರುತ್ತದೆ, ನೀನೇ ಸರಿ ಎಂದು ಕೆಲಸ ಖಾಯಂ ಮಾಡಿದ. ಅವನೂ ಮನೆಯಲ್ಲಿ ಟೀ ಕುಡಿಯುವವನೇ. ಇಷ್ಟು ವರ್ಷಗಳಲ್ಲಿ ನಾನು ಬೇಡ ಎಂದದ್ದನ್ನು ಒಬ್ಬ ಮನುಷ್ಯ ಬೇಡ ಎಂದೇ ಕೇಳಿಸಿಕೊಂಡದ್ದು ಅದೊಂದು ಸಲ, ಅದಕ್ಕೂ ಆರು ಸಾವಿರ ಮೈಲಿಯಾಚೆಯಿಂದ ಒಬ್ಬ ಬರಬೇಕಾಯಿತು.

ಎರಡನೆಯದು ಅಷ್ಟು ಸುಲಭವಲ್ಲ. ಹೆಣ್ಣಿನ ಮೇಲೆ ಗಂಡಿಗೆ ಆಗುತ್ತದೆಯಲ್ಲ, ನಿದ್ದೆ ಕೆಡಿಸುವ ಆ ಆಸೆ, ಅದು ನನಗೆ ಬರಲಿಲ್ಲ. ಗಂಡಿನ ಮೇಲೂ ಬರಲಿಲ್ಲ, ಆ ಸಂಶಯ ಪಡುವವರಿಗೆ ಈಗಲೇ ಹೇಳಿಬಿಡುತ್ತೇನೆ. ಹದಿನೆಂಟಕ್ಕೆ ಬರಬಹುದೆಂದು ಕಾದೆ, ಇಪ್ಪತ್ತೆರಡಕ್ಕೆ ಕಾದೆ, ಆಮೇಲೆ ಕಾಯುವುದು ಮರೆತುಹೋಯಿತು. ಊರಿಗೆ ನಾಟಕ ಕಂಪನಿ ಬಂದಾಗ ವರ್ಕ್ಸಿನ ಗುಮಾಸ್ತರೆಲ್ಲ ನಾಯಕಿಯನ್ನು ನೆನೆದು ಉಸಿರು ಬಿಡುತ್ತಿದ್ದರು. ಆ ನಾಯಕಿಯಾದರೂ ದಿನಾ ಬೆಳಿಗ್ಗೆ ಮುಖ ಕ್ಷೌರ ಮಾಡಿಸಿಕೊಳ್ಳುವ ದಪ್ಪ ಕತ್ತಿನ ಗಂಡಸು. ಇವರಿಗೆ ಆಗುವುದು ನನಗೆ ಯಾಕಾಗಬಾರದೆಂದು ನಾನೂ ಮೂರು ಸಲ ಟಿಕೆಟು ತೆಗೆದು ಮುಂದಿನ ಸಾಲಿನಲ್ಲಿ ಕೂತು ಕಣ್ಣಗಲಿಸಿ ನೋಡಿದೆ. ಸೀರೆಯ ಜರಿ ಅಸಲಿಯೋ ನಕಲಿಯೋ ಎಂಬ ಕುತೂಹಲ ಬಿಟ್ಟರೆ ನನ್ನಲ್ಲಿ ಏನೂ ಹುಟ್ಟಲಿಲ್ಲ. ನಾನು ತಿಳಿದುಕೊಂಡದ್ದೇನೆಂದರೆ, ಇವರೆಲ್ಲ ಮರ್ಯಾದೆಗೆ ಹೀಗಾಡುತ್ತಿದ್ದಾರೆ. ನೆಂಟರ ಮನೆಯಲ್ಲಿ ಸೀದುಹೋದ ಉಪ್ಪಿಟ್ಟನ್ನು ‘ಬಹಳ ಚೆನ್ನಾಗಿದೆ’ ಎನ್ನುವುದಿಲ್ಲವೇ, ಹಾಗೆ. ಆದ್ದರಿಂದ ನಾನೂ ಮರ್ಯಾದೆಗೆ ಉಸಿರು ಬಿಡುತ್ತಿದ್ದೆ. ಎಷ್ಟೋ ವರ್ಷ ಬಿಟ್ಟೆ.

ಅದು ಸುಳ್ಳಲ್ಲವೆಂದು ಗೊತ್ತಾದದ್ದು ಒಂದು ಆಷಾಢದಲ್ಲಿ. ಹೊಸದಾಗಿ ಮದುವೆಯಾಗಿದ್ದ ನಮ್ಮ ಗುಮಾಸ್ತನೊಬ್ಬ, ಕಳಸದ ತವರಿಗೆ ಹೋಗಿದ್ದ ಹೆಂಡತಿಯನ್ನು ನೋಡಲೇಬೇಕೆಂದು ಹೊರಟ. ರಸ್ತೆ ಕುಸಿದು ಬಸ್ಸು ನಿಂತಿತ್ತು. ಜ್ವರದ ಮೈಯಲ್ಲಿ, ಮಳೆಗೆ ಗೊರಬು ಹೊದ್ದುಕೊಂಡು, ಜಿಗಣೆ ಕಿತ್ತುಕೊಳ್ಳುತ್ತ ನಡೆದೇ ಹೋದ. ಎರಡು ದಿನ ನಡೆದು, ಅತ್ತೆ ಮಾವನ ಎದುರಿಗೆ ಹೆಂಡತಿಯ ಮುಖವನ್ನು ಬಾಗಿಲ ಸಂದಿಯಲ್ಲಿ ನೋಡಿ, ಮತ್ತೆ ಎರಡು ದಿನ ನಡೆದು ವಾಪಸು ಬಂದ. ಬಂದವನ ಮುಖದಲ್ಲಿ ಅದೇನೋ ಬೆಳಕಿತ್ತು. ಮರ್ಯಾದೆಗೆ ಯಾರೂ ಅಷ್ಟು ಜಿಗಣೆ ಕಚ್ಚಿಸಿಕೊಳ್ಳುವುದಿಲ್ಲ. ಅವತ್ತು ನನಗೆ ಹೆದರಿಕೆಯಾಯಿತು. ಊರಿಗೆಲ್ಲ ಬಂದಿರುವ ಕಾಗದ ನನಗೊಬ್ಬನಿಗೆ ಬಂದಿಲ್ಲವೆಂದು ಗೊತ್ತಾದಾಗ ಆಗುವ ಹಾಗೆ, ಬಹಳ ಒಂಟಿಯೆನಿಸಿತು. ಹಾಗೆಂದು ನಾನು ಜನರನ್ನು ಕಂಡರಾಗದವನಲ್ಲ. ಹರಟೆ ಬೇಕು, ನೆಂಟರ ಮಕ್ಕಳ ಗಲಾಟೆ ಬೇಕು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಬೇಕು. ಅದೊಂದು ಮಾತ್ರ ಬೇಡ. ಇಷ್ಟನ್ನು ಅರ್ಥಮಾಡಿಕೊಳ್ಳಲು ಏನು ಕಷ್ಟ ಎಂದು ನನಗೆ ಈವತ್ತಿಗೂ ತಿಳಿಯದು.

ಕಷ್ಟವೇನೆಂದು ತೋರಿಸಿಕೊಟ್ಟವರು ಈರಣ್ಣ ಮಾವ. ನನ್ನ ಅವ್ವನ ಅಣ್ಣ, ಪೇಟೆಯಲ್ಲಿ ಬಟ್ಟೆ ಅಂಗಡಿ. ಅವ್ವ ನನ್ನನ್ನು ಹೆತ್ತ ಹದಿನೈದು ದಿನಕ್ಕೆ ಬಾಣಂತಿ ಜ್ವರದಲ್ಲಿ ಹೋದಳು, ಅಪ್ಪಯ್ಯ ನಾನು ಓದುವಾಗ ಹೋದರು. ಮನೆಯಲ್ಲಿ ಉಳಿದವರು ನಾನು, ನನ್ನ ಸೋದರತ್ತೆ ನೀಲತ್ತೆ. ಹನ್ನೊಂದಕ್ಕೆ ಮದುವೆಯಾಗಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಬಂದವಳ ಮಡಿಲಿಗೆ ಕೂಸಾಗಿದ್ದ ನನ್ನನ್ನು ಹಾಕಿದರಂತೆ. ಅಂದಿನಿಂದ ಅವಳೇ ನನಗೆ ಅವ್ವ. ಅವಳ ಮರುಮದುವೆಯ ಮಾತನ್ನು ಯಾರೋ ಒಂದು ಸಲ ಎತ್ತಿದ್ದಕ್ಕೆ, ನಮ್ಮ ಮನೆತನದಲ್ಲಿ ಆ ಪದ್ಧತಿಯಿಲ್ಲ ಎಂದು ಹಿರಿಯರು ಬಾಯಿ ಮುಚ್ಚಿಸಿದ್ದರು. ಮನೆಯಲ್ಲಿ ಒಬ್ಬರು ಮದುವೆಯಿಲ್ಲದೆ ಮೂವತ್ತು ವರ್ಷ ಇದ್ದದ್ದು ಮಾವನ ಕಣ್ಣಿಗೆ ಬೀಳಲಿಲ್ಲ, ನಾನು ಮೂವತ್ತೆರಡರವರೆಗೆ ಹಾಗೇ ಇದ್ದದ್ದು ಮಾತ್ರ ಅವರ ನಿದ್ದೆ ಕೆಡಿಸಿತು. ಮೊದಲು ಪಂಡಿತರಿಂದ ಲೇಹ್ಯ ತರಿಸಿದರು. ತುಪ್ಪ, ಜೇನು, ದ್ರಾಕ್ಷಿ ಎಲ್ಲ ಇದ್ದ ಅದು ಬಹಳ ರುಚಿಯಾಗಿತ್ತು. ನಾಲ್ಕು ತಿಂಗಳು ನೆಕ್ಕಿದೆ. ಕೋಟಿನ ಗುಂಡಿ ಹಾಕಲಾರದಷ್ಟು ದಪ್ಪನಾದೆ, ಬೇರೆ ಯಾವ ಬದಲಾವಣೆಯೂ ಆಗಲಿಲ್ಲ. ಆಮೇಲೆ ನನಗೆ ಮೋಹಿನಿ ಹಿಡಿದಿದೆಯೆಂದು ತಾಯಿತ ಕಟ್ಟಿಸಿದರು. ಪೇಟೆಯಲ್ಲಿ ಬೇರೊಂದು ಸುದ್ದಿ ಹಬ್ಬಿತ್ತು: ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸೊಬ್ಬಳನ್ನು ನಾನು ಗುಟ್ಟಾಗಿ ಇಟ್ಟುಕೊಂಡಿದ್ದೇನಂತೆ. ಈ ಸುದ್ದಿ ಕೇಳಿ ಮಾವ ಬೈಯುವುದಿರಲಿ, ಮನೆಗೆ ಬಂದು ಬಹಳ ಆಸೆಯಿಂದ ‘ನಿಜವೇನೋ?’ ಎಂದು ಕೇಳಿದರು. ಅಲ್ಲವೆಂದಾಗ ಅವರ ಮುಖ ಇಳಿದುಹೋಯಿತು. ಕೆಟ್ಟವನಾಗಿದ್ದರೆ ನನಗೆ ಕ್ಷಮೆಯಿತ್ತು.

ಕೊನೆಗೆ ಮಾವ, ‘ಮದುವೆ ಬೇಡ ಅಂದ್ರೆ ಸನ್ಯಾಸಿಯಾದ್ರೂ ಆಗು. ಎರಡರಲ್ಲಿ ಒಂದು ಆಗದೆ ಮಧ್ಯದಲ್ಲಿ ಹೀಗೆ ಓಡಾಡ್ಕೊಂಡಿದ್ರೆ ಜನಕ್ಕೆ ನಾನು ಏನಂತ ಹೇಳ್ಲಿ?’ ಎಂದು ನನ್ನನ್ನು ಹತ್ತಿರದ ಒಂದು ಮಠಕ್ಕೆ ಎಳೆದುಕೊಂಡು ಹೋದರು. ಸ್ವಾಮಿಗಳು ತೆಳ್ಳಗೆ ಒಣಗಿದ ಮನುಷ್ಯರು. ಉಪವಾಸ, ತಣ್ಣೀರು, ಹಲಗೆಯ ಮೇಲಿನ ನಿದ್ದೆಯಿಂದ ಮೈ ದಂಡಿಸಿದವರು. ಅಡ್ಡಬಿದ್ದೆ. ‘ನಿನಗೆ ಹೆಣ್ಣಿನ ಮೋಹ ಇಲ್ಲವಂತೆ. ಹೇಗೆ ಗೆದ್ದೆ?’ ಎಂದು ಕೇಳಿದರು.

‘ಗೆಲ್ಲಲಿಲ್ಲ ಬುದ್ಧಿ, ಅದು ಬರಲೇ ಇಲ್ಲ,’ ಎಂದೆ.

‘ಬರಲೇ ಇಲ್ಲ ಅಂದ್ರೆ? ವ್ರತ ಏನಾದರೂ ಹಿಡಿದಿದ್ದೆಯಾ? ಜಪ?’

‘ಇಲ್ಲ ಬುದ್ಧಿ. ದಿನಾ ಎರಡು ಹೊತ್ತು ಊಟ ಮಾಡ್ತೀನಿ, ಸಾಯಂಕಾಲ ಬೋಂಡ ತಿಂತೀನಿ, ಮಲಗಿದ್ರೆ ನಿದ್ದೆ ಬರುತ್ತೆ.’

ಸ್ವಾಮಿಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಕೋಪವೂ ಇತ್ತು, ಇನ್ನೇನೋ ಇತ್ತು. ನಲವತ್ತು ವರ್ಷ ಗುಡ್ಡ ಹತ್ತಿ ತುದಿ ಮುಟ್ಟಿದವನಿಗೆ, ಅಲ್ಲೇ ಹುಟ್ಟಿ ಅಲ್ಲೇ ಬೋಂಡ ತಿನ್ನುತ್ತ ಕೂತವನೊಬ್ಬ ಸಿಕ್ಕಿದರೆ ಹಾಗೆ ಆಗಬಹುದು. ಕಡೆಗೆ ಮಾವನ ಕಡೆ ತಿರುಗಿ, ‘ಈರಣ್ಣ, ಇವನನ್ನ ಕರ್ಕೊಂಡು ಹೋಗು. ಇಲ್ಲಿ ಹದಿನಾರು ಜನ ಮರಿಸ್ವಾಮಿಗಳು ಹಗಲೂ ರಾತ್ರಿ ಒದ್ದಾಡ್ತಿದಾರೆ. ಇವನು ಅವರ ಪಂಕ್ತಿಯಲ್ಲಿ ಕೂತ್ರೆ ಅವರ ಧೈರ್ಯ ಕೆಟ್ಟುಹೋಗುತ್ತೆ. ಬಿಡೋಕೆ ಏನೂ ಇಲ್ಲದವನಿಗೆ ವೈರಾಗ್ಯ ಎಲ್ಲಿಂದ ಬರಬೇಕು? ಮದುವೆ ಮಾಡಿಬಿಡು,’ ಎಂದರು. ಹೀಗೆ ಸಂಸಾರಕ್ಕೂ ಸನ್ಯಾಸಕ್ಕೂ ಬೇಡವಾಗಿ ನಾನು ಪ್ರಸಾದ ಕಟ್ಟಿಸಿಕೊಂಡು ವಾಪಸು ಬಂದೆ.

ಗುರುಗಳ ಅಪ್ಪಣೆಯಾದ ಮೇಲೆ ಮಾವನನ್ನು ಹಿಡಿಯುವವರುಂಟೇ? ಪುಷ್ಯ ಕಳೆಯುತ್ತಲೇ ನನ್ನನ್ನು ಬಸ್ಸಿಗೆ ಹತ್ತಿಸಿ ಮೂಡಿಗೆರೆಗೆ, ಅಲ್ಲಿಂದ ಗಾಡಿಯಲ್ಲಿ ಜಾವಳಿಗೆ ಕರೆದುಕೊಂಡು ಹೋದರು. ಹೆಣ್ಣು ನೋಡುವ ಶಾಸ್ತ್ರ. ಹುಡುಗಿಯ ತಂದೆ ಶಿವಲಿಂಗಪ್ಪನವರು, ಮರ್ಯಾದಸ್ಥ ತೋಟಗಾರರು. ನನ್ನ ಲೆಕ್ಕ ಸರಳವಾಗಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ: ಹೆಣ್ಣು ನೋಡಲು ಹೋದವರು ತಿಂಡಿ ಕಾಫಿ ಮುಗಿಸಿ ಎದ್ದು ಬರಬೇಕು, ಊಟಕ್ಕೆ ಕೂರಬಾರದು. ಊಟ ಮಾಡಿದರೆ ಹೆಣ್ಣು ಒಪ್ಪಿಗೆಯಾಯಿತು ಎಂದು. ಆದ್ದರಿಂದ ತಿಂಡಿ ತಿಂದು, ಕಾಫಿಯನ್ನು ಹೇಗೋ ನುಂಗಿ, ಹೊಟ್ಟೆ ನೋವೆಂದು ಎದ್ದುಬಿಡುವುದು. ಇದೇ ಉಪಾಯದಿಂದ ಅದಕ್ಕೆ ಮುಂಚೆ ನಾಲ್ಕು ಮನೆಗಳಿಂದ ತಪ್ಪಿಸಿಕೊಂಡಿದ್ದೆ.

ಜಗಲಿಯಲ್ಲಿ ಜಮಖಾನ ಹಾಸಿ ಕೂರಿಸಿದರು. ಎಲೆ ಅಡಿಕೆ ಹಾಕುವ ಮಾವನಿಗೆಂದು ಒಂದು ಹಿತ್ತಾಳೆ ಪೀಕದಾನಿ ತಂದು ಇಟ್ಟರು. ಇಟ್ಟದ್ದು ನನ್ನ ಬಲಗಾಲಿನ ಪಕ್ಕಕ್ಕೆ. ಹುಡುಗಿ ಗಿರಿಜೆ ತಲೆ ತಗ್ಗಿಸಿ ಬಂದು ನನ್ನ ಮುಂದೆ ಲೋಟವಿಟ್ಟು, ಹೋಗಿ ಬಾಗಿಲ ಬಳಿ ನಿಂತಳು. ತೋಟದವರು ಒಳ್ಳೆಯ ಬೀಜವನ್ನೆಲ್ಲ ನಮ್ಮ ವರ್ಕ್ಸಿಗೆ ಕಳಿಸಿ, ಮರದಡಿ ಉದುರಿದ್ದನ್ನು ತಾವು ಕುಡಿಯುತ್ತಾರೆ. ಅವತ್ತು ಮಾತ್ರ ಗಂಡಿನ ಕಡೆಯವರಿಗೆಂದು ಆ ವರ್ಷದ ಮೊದಲ ಕೊಯ್ಲಿನ ಬೀಜವನ್ನು ಹುರಿದು ಮಾಡಿದ್ದರು. ಘಮಘಮ ಎನ್ನುತ್ತಿತ್ತು. ನಾನು ಲೋಟ ಎತ್ತಿದೆ. ಆಮೇಲೆ ನಡೆದದ್ದಕ್ಕೆ ಹನ್ನೆರಡು ವರ್ಷದ ಅಭ್ಯಾಸ ಕಾರಣ, ನಾನಲ್ಲ. ಸೊರ್ರೆಂದು ಹೀರಿದೆ, ನಾಲಿಗೆಯ ಮೇಲೆ ಹೊರಳಿಸಿದೆ, ಪೀಕದಾನಿಗೆ ಉಗುಳಿದೆ, ‘ಹುಳಿ ಬಂದಿದೆ’ ಎಂದೆ.

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡರು. ಬೇರೆ ಯಾವ ಊರಿನಲ್ಲಾದರೂ ನನ್ನನ್ನು ಕತ್ತು ಹಿಡಿದು ಹೊರಗೆ ದಬ್ಬುತ್ತಿದ್ದರು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಶಿವಲಿಂಗಪ್ಪನವರು ಮೊದಲು ತೋಟಗಾರರು, ಆಮೇಲೆ ಹೆಣ್ಣಿನ ತಂದೆ. ಎದ್ದು ಬಂದು ನನ್ನ ಪಕ್ಕ ಕೂತು ಸಣ್ಣ ದನಿಯಲ್ಲಿ, ‘ಹುಳಿ ಅಂದ್ರೆ? ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟಿದಾರೆ ಅಂತೀರಾ?’ ಎಂದರು. ಹೌದು, ಹಾಲು ಬೆಲ್ಲದ ಅಡಿಯಿಂದಲೂ ಅದು ಮೂಗಿಗೆ ಬಡಿಯುತ್ತಿದೆ ಎಂದೆ. ‘ನಡೀರಿ, ಒಂದು ಸಲ ನೋಡಿಬಿಡಿ,’ ಎಂದು ನನ್ನ ಕೈಹಿಡಿದು ಎಬ್ಬಿಸಿದರು. ಹಣ್ಣು ಸುಲಿಯುವ ಪಲ್ಪರ್ ಮನೆಗೆ ಹೋದೆವು. ಸುಲಿದ ಬೀಜದ ಅಂಟು ಬಿಡಿಸಲು ನೆನೆಹಾಕುವ ತೊಟ್ಟಿಗಳನ್ನು ಒಂದೊಂದಾಗಿ ಮೂಸಿ ನೋಡಿದೆ. ಮೂರನೆಯ ತೊಟ್ಟಿಯ ಮೂಲೆಯಲ್ಲಿ, ಸಿಮೆಂಟು ಎದ್ದ ಸಂದಿಯಲ್ಲಿ, ಹಳೆಯ ಬೀಜ ಸಿಕ್ಕಿ ಕೊಳೆತಿತ್ತು. ಅದನ್ನು ಕಡ್ಡಿಯಿಂದ ಕೆದಕಿ ತೆಗೆದು ತೋರಿಸಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕಳಸಕ್ಕೆ ನಡೆದು ಹೋದ ಗುಮಾಸ್ತನ ಮುಖದ ಬೆಳಕು ನನ್ನ ಮುಖದಲ್ಲೂ ಇದ್ದಿರಬೇಕು. ಕಣಕ್ಕೆ ಹೋದೆವು, ಒಣಗುವ ಬೀಜ ಕಚ್ಚಿ ನೋಡಿದೆವು, ನೀರಿನ ಕಾಲುವೆ ನೋಡಿದೆವು. ಮೂರು ಗಂಟೆ ಹೊತ್ತು ಕಳೆದದ್ದೇ ತಿಳಿಯಲಿಲ್ಲ. ವಾಪಸು ಬಂದಾಗ ಹೊಟ್ಟೆ ಭಗಭಗ ಉರಿಯುತ್ತಿತ್ತು. ಎಲೆ ಹಾಕಿದ್ದರು. ಅಕ್ಕಿ ಕಡುಬು, ಕಾಯಿ ಚಟ್ನಿ, ಒಬ್ಬಟ್ಟು. ಮೂರನೆಯ ತೊಟ್ಟಿಯ ವಿಷಯ ಮಾತಾಡುತ್ತಲೇ ಕೂತು ಉಂಡೆ. ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವಾಗ ಮಾವನ ಮುಖ ನೋಡಿದೆ. ಅವರ ಕಣ್ಣಲ್ಲಿ ಆನಂದದ ನೀರಿತ್ತು. ಆಗ ನನಗೆ ನಾನೆಲ್ಲಿ ಕೂತಿದ್ದೇನೆಂದು ನೆನಪಾಯಿತು.

ಗಾಡಿಯಲ್ಲೇ ಮಾವ ಲಗ್ನದ ತಿಂಗಳು ಗೊತ್ತುಮಾಡಿದರು. ಮರುದಿನ ಅವರ ಮನೆಗೆ ಹೋಗಿ, ಮಾನ ಬಿಟ್ಟು, ‘ಮಾವ, ನನಗೆ ಹೆಣ್ಣಿನ ಮೇಲೆ ಆಸೆಯೇ ಇಲ್ಲ,’ ಎಂದೆ.

‘ಆಸೆ ಯಾರಿಗಿದೆ ಮಾರಾಯ? ನಾನೇನು ನಮ್ಮ ಮನೆಯವಳ ಮೇಲೆ ಆಸೆಪಟ್ಟು ಮದುವೆ ಆದ್ನಾ? ಇಪ್ಪತ್ತೆಂಟು ವರ್ಷ ಸಂಸಾರ ನಡೀಲಿಲ್ವಾ? ಏಳು ಮಕ್ಕಳಾಗ್ಲಿಲ್ವಾ?’ ಎಂದರು ಮಾವ. ಅಡಿಗೆಮನೆಯಲ್ಲಿ ಯಾವುದೋ ಪಾತ್ರೆ ಜೋರಾಗಿ ಬಿತ್ತು.

ಇವರಿಗೆ ತಿಳಿಯುವ ಭಾಷೆಯಲ್ಲಿ ಹೇಳೋಣವೆಂದು ನಾನು ಬಹಳ ದಿನದಿಂದ ಮನಸ್ಸಿನಲ್ಲಿ ಹದಮಾಡಿಟ್ಟಿದ್ದ ಮಾತು ತೆಗೆದೆ. ‘ನೋಡಿ ಮಾವ, ಕಾಫಿ ಹಣ್ಣಿನಲ್ಲಿ ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಬೀಜ, ದುಂಡಗೆ ಇರುತ್ತೆ. ಪೀಬೆರಿ ಅಂತೀವಿ. ಅದನ್ನ ರೋಗ ಅಂತ ಯಾರೂ ಎಸೆಯೋದಿಲ್ಲ. ಬೇರೆ ಚೀಲಕ್ಕೆ ಹಾಕ್ತೀವಿ, ಅಷ್ಟೇ. ನನ್ನನ್ನೂ ಹಾಗೆ ಅಂತ ತಿಳ್ಕೊಳ್ಳಿ.’

ಮಾವ ಗಲ್ಲ ಕೆರೆದುಕೊಂಡರು. ಮುಖ ಅರಳಿತು. ಅರ್ಥವಾಯಿತು, ಗೆದ್ದೆ, ಎಂದುಕೊಂಡೆ. ‘ಪೀಬೆರಿಗೆ ರೇಟು ಜಾಸ್ತಿ ಅಲ್ವೇನೋ?’ ಎಂದರು. ‘ಮೊದಲೇ ಹೇಳ್ಬಾರ್ದಾ! ಲಗ್ನಪತ್ರಿಕೆ ಬರೆಯೋಕೆ ಮುಂಚೆ ಅವರ ಹತ್ರ ಇನ್ನೊಂದು ಸಲ ಮಾತಾಡ್ತೀನಿ.’

ಅವತ್ತು ಮನೆಗೆ ಬಂದು ಮೂಲೆಯಲ್ಲಿ ಕೂತವನನ್ನು ನೀಲತ್ತೆ ಏನಾಯಿತೆಂದು ಕೇಳಿದಳು. ಹೇಳಿದೆ, ಆರಂಭದಿಂದ ಹೇಳಿದೆ. ಕಾಗದ ಬರಲಿಲ್ಲ ಎಂದು ಹೇಳಿದೆನಲ್ಲ, ಅದನ್ನೂ ಹೇಳಿದೆ. ಹೇಳುತ್ತಾ ಕಣ್ಣೀರು ಹಾಕಿದೆ ಎನ್ನಲೂ ನಾಚಿಕೆಯಿಲ್ಲ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಪೂರ್ತಿ ಬಿಡಿಸಿ ಮುಗಿಸಿ, ‘ಇದನ್ನ ಆ ಹುಡುಗಿ ಮನೆಯವರಿಗೆ ಹೇಳಬೇಕಾದ್ದು ನೀನು, ನಿಮ್ಮ ಮಾವ ಅಲ್ಲ. ನಾಳೆ ಹೋಗೋಣ,’ ಎಂದಳು. ವಿಧವೆಯಾದವಳು ಶುಭಕಾರ್ಯದ ಮನೆಗೆ ಬರುವುದು ಬೇಡವೆಂದು ಹೆಣ್ಣು ನೋಡುವುದಕ್ಕೆ ಅವಳನ್ನು ಮಾವ ಕರೆದಿರಲಿಲ್ಲ. ಸಂಬಂಧ ಮುರಿಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಜಾವಳಿಯಲ್ಲಿ ಶಿವಲಿಂಗಪ್ಪನವರು ಮನೆಯ ಮುಂದಿನ ಕಣದಲ್ಲೇ ಸಿಕ್ಕಿದರು. ನೀಲತ್ತೆ ಒಳಗೆ ಹೆಂಗಸರ ಬಳಿ ಹೋದಳು. ನಾನು ನಿಂತೇ ಹೇಳಿದೆ. ಅವರು ಒಂದೊಂದಾಗಿ ಕೇಳಿದರು. ಹುಡುಗಿಯ ಬಣ್ಣ ಕಡಿಮೆಯಾಯಿತೇ? ಓದು ಕಡಿಮೆಯೇ? ಮಾತಾಡಿದ್ದಕ್ಕಿಂತ ಹೆಚ್ಚು ಬೇಕೇ? ಬೇರೆ ಕಡೆ ಮನಸ್ಸಿದೆಯೇ? ಎಲ್ಲಕ್ಕೂ ಇಲ್ಲವೆಂದೆ. ಅವರು ಕಾಫಿಯ ರಾಶಿಯ ಮೇಲೆ ಕುಸಿದು ಕೂತು, ‘ನೀವು ಹೇಳೋದು ನನಗೆ ಅರ್ಥ ಆಗೋದಿಲ್ಲ ನಂಜುಂಡಪ್ಪನವರೇ. ಒಂದು ಮಾತ್ರ ಅರ್ಥ ಆಗುತ್ತೆ. ನೀವು ನಮ್ಮಲ್ಲಿ ಊಟ ಮಾಡಿದ್ದು ಊರಿಗೆಲ್ಲ ಗೊತ್ತು. ಈಗ ನೀವು ಬಿಟ್ರೆ ದೋಷ ನಿಮಗೆ ಬರೋದಿಲ್ಲ. ನನ್ನ ಮಗಳಲ್ಲಿ ಏನೋ ಇದೆ ಅಂತಾರೆ. ಅವಳಿಗೆ ಇನ್ನೊಂದು ಗಂಡು ಬರೋದಿಲ್ಲ,’ ಎಂದರು. ನನಗೆ ನಿಜವಾಗಿ ನಾಚಿಕೆಯಾದದ್ದು ಆಗ. ಆ ಮೂರು ಗಂಟೆಯಲ್ಲಿ ತೊಟ್ಟಿಯ ಮೂಲೆ ಮೂಲೆಯನ್ನೂ ಮೂಸಿದ್ದೆ, ಆ ಹುಡುಗಿ ಒಬ್ಬಳು ಬಾಗಿಲ ಬಳಿ ನಿಂತಿದ್ದಾಳೆ ಎನ್ನುವುದನ್ನು ಮರೆತಿದ್ದೆ. ಮದುವೆಯಾದರೂ ಅವಳ ಬಾಳು ಹಾಳು, ಬಿಟ್ಟರೂ ಹಾಳು. ಆಗಲಿ, ಮಾಡಿಕೊಳ್ಳುತ್ತೇನೆ ಎಂಬ ಮಾತು ತುಟಿಯವರೆಗೆ ಬಂದಿತ್ತು.

ಅಷ್ಟರಲ್ಲಿ ನೀಲತ್ತೆ ಹೊರಗೆ ಬಂದು, ‘ಯಜಮಾನರೇ, ನಿಮ್ಮ ಹುಡುಗಿ ಏನೋ ಹೇಳಬೇಕಂತೆ,’ ಎಂದಳು. ಬಾಗಿಲ ಹಿಂದಿನಿಂದ ಗಿರಿಜೆಯ ದನಿ ಕೇಳಿತು, ಮೊದಲು ಮೆಲ್ಲಗೆ, ಆಮೇಲೆ ಚೆನ್ನಾಗಿ.

‘ಅಪ್ಪಯ್ಯ, ಅದು ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹುರಿದು, ಕುಟ್ಟಿ ಮಾಡಿದ ಕಾಫಿ. ಎಲ್ಲರ ಎದುರಿಗೆ ಉಗುಳಿದ್ರು. ಎರಡು ದಿನದಿಂದ ಹೊಟ್ಟೆ ಉರೀತಿದೆ. ನನ್ನನ್ನ ಯಾರೂ ಕೇಳ್ಲಿಲ್ಲ. ಕಾಫಿ ಉಗುಳೋರ ಮನೆಗೆ ನಾನು ಹೋಗೋದಿಲ್ಲ. ಈ ಗಂಡು ನನಗೆ ಬೇಡ.’

ಶಿವಲಿಂಗಪ್ಪನವರು ಎದ್ದು ನಿಂತರು. ಅವರ ಮುಖಕ್ಕೆ ರಕ್ತ ತಿರುಗಿ ಬಂತು. ಇದು ಅರ್ಥವಾಗುವ ಮಾತು! ಕಣದಲ್ಲಿದ್ದ ಆಳುಗಳಿಗೆಲ್ಲ ಕೇಳಿಸುವ ಹಾಗೆ, ‘ಕೇಳಿದಿರಲ್ಲ? ನಮ್ಮ ಮನೆ ಕಾಫಿ ಉಗುಳಿದವರಿಗೆ ನಮ್ಮ ಮಗಳನ್ನ ಕೊಡೋದಿಲ್ಲ. ಹೋಗಿ!’ ಎಂದು ಗದರಿದರು. ನಾನು ತಲೆ ತಗ್ಗಿಸಿ ಗಾಡಿಯ ಕಡೆ ನಡೆದೆ. ಅವರು ಹಿಂದೆಯೇ ಬಂದು, ಆಳುಗಳಿಗೆ ಕೇಳಿಸದ ಹಾಗೆ, ‘ಮೂರನೇ ತೊಟ್ಟಿ ಒಡೆಸಿ ಹೊಸದಾಗಿ ಗಾರೆ ಹಾಕಿಸ್ತಿದೀನಿ. ಆಮೇಲಿನ ಸ್ಯಾಂಪಲ್ ಕಳಿಸ್ಲಾ?’ ಎಂದು ಕೇಳಿದರು. ಕಳಿಸಿ ಎಂದೆ.

ನಾನು ಹತ್ತು ಹನ್ನೆರಡು ವರ್ಷ ಹೇಳಿದ ನಿಜವನ್ನು ಒಬ್ಬರೂ ನಂಬಿರಲಿಲ್ಲ. ಗಿರಿಜೆ ಬಾಗಿಲ ಹಿಂದಿನಿಂದ ಹೇಳಿದ ನಾಲ್ಕು ಮಾತನ್ನು ಒಂದು ವಾರದಲ್ಲಿ ಇಡೀ ತಾಲ್ಲೂಕು ನಂಬಿತು. ಹೆಣ್ಣು ನೋಡಲು ಹೋಗಿ ಕಾಫಿ ಉಗುಳಿದವನೆಂದು ಸಂತೆಯಲ್ಲಿ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಮತ್ತೆ ಯಾವ ತೋಟದಿಂದಲೂ ಜಾತಕ ಬರಲಿಲ್ಲ. ಹೆಣ್ಣು ಬೇಡವೆಂದವನು ಇವರಿಗೆ ಒಗಟು, ಹೆಣ್ಣು ಸಿಕ್ಕದವನಾದರೆ ನಮ್ಮವನೇ. ಜನ ನನ್ನ ಮೇಲೆ ಕನಿಕರಪಟ್ಟು ಬಹಳ ಪ್ರೀತಿಯಿಂದ ಮಾತಾಡಿಸತೊಡಗಿದರು. ಗಿರಿಜೆಗೆ ಮರುವರ್ಷವೇ ಕಳಸದ ಕಡೆ ಒಳ್ಳೆಯ ಗಂಡು ಸಿಕ್ಕಿತು. ಈಗ ಯುದ್ಧದ ಕಾಲ, ಬಸ್ಸುಗಳು ಇದ್ದಿಲಿನ ಹೊಗೆ ಕುಡಿದು ಓಡುತ್ತಿವೆ. ಮೊನ್ನೆ ಅಂಥದೊಂದು ಬಸ್ಸು ಕೆಟ್ಟು ನಿಂತಾಗ ಮೂರು ಮಕ್ಕಳೊಂದಿಗೆ ಸಿಕ್ಕಿದವಳು, ‘ಈಗಲೂ ಉಗುಳ್ತೀರಾ?’ ಎಂದು ನಕ್ಕಳು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ನನ್ನ ಪರವಾಗಿ ಮುಗಿಯುತ್ತದೆ. ಅದಕ್ಕೇ ನಿಲ್ಲಿಸಬೇಕೆಂದು ಆಸೆಯಾಗುತ್ತಿದೆ. ಆದರೆ ಅವತ್ತು ಜಾವಳಿಯಿಂದ ಹಿಂದಕ್ಕೆ ಬರುವಾಗ ಗಾಡಿಯಲ್ಲಿ ನಡೆದದ್ದನ್ನು ಬಿಡುವುದು ನ್ಯಾಯವಲ್ಲ. ನನಗೆ ಎದೆ ಹಗುರಾಗಿ ಬಾಯಿ ಬಿಚ್ಚಿತ್ತು. ‘ಎಂಥಾ ಉಪಾಯ ಹೇಳಿಕೊಟ್ಟೆ ಅತ್ತೆ!’ ಎಂದೆ. ‘ನಾನೇನೂ ಹೇಳಿಕೊಡ್ಲಿಲ್ಲ. ನಿನಗೆ ಏನು ಬೇಕಮ್ಮ ಅಂತ ಕೇಳಿದೆ, ಅಷ್ಟೇ. ಅಲ್ಲಿವರೆಗೆ ಯಾರೂ ಕೇಳಿರ್ಲಿಲ್ಲವಂತೆ,’ ಎಂದಳು. ನಾನು ನನ್ನ ಪುರಾಣ ಮುಂದುವರಿಸಿದೆ. ಪಂಡಿತರು, ಸ್ವಾಮಿಗಳು, ಮಾವ, ಇಡೀ ಊರು ನನ್ನನ್ನು ತಪ್ಪು ತಿಳಿದವರೇ. ನಾನು ಹೇಳುವುದನ್ನು ಕೇಳದೆ ತಮಗೆ ತೋಚಿದ್ದನ್ನು ನನ್ನ ತಲೆಗೆ ಕಟ್ಟಿದವರೇ. ‘ನೀನೊಬ್ಬಳು ಅರ್ಥ ಮಾಡ್ಕೊಂಡೆ,’ ಎಂದೆ. ‘ಮಾಡ್ಕೊಳ್ಳದೆ ಏನು, ನೀನೂ ನನ್ನ ಹಾಗೇ ಅಲ್ವಾ ಅತ್ತೆ? ಮೂವತ್ತೆರಡು ವರ್ಷದಿಂದ ನೋಡ್ತಿದೀನಿ, ಒಂದು ದಿನ ನೀನು ಯಾವುದಕ್ಕೂ ಆಸೆಪಡ್ಲಿಲ್ಲ. ನಿನಗೂ ಅದು ಬರ್ಲೇ ಇಲ್ಲ. ನಾವಿಬ್ಬರೂ ಒಂದೇ ಚೀಲದವರು.’

ನೀಲತ್ತೆ ರಸ್ತೆಯ ಕಡೆ ನೋಡುತ್ತಿದ್ದಳು. ಗಾಡಿ ಒಂದು ಇಳಿಜಾರು ಇಳಿದು ಹಳ್ಳ ದಾಟಿತು.

‘ನನಗೆ ಬಂದಿತ್ತು ಮಾರಾಯ,’ ಎಂದಳು. ‘ಅವರ ಜೊತೆ ಬಾಳಿದ್ದು ಎರಡೇ ವರ್ಷ. ಅವರು ಹೋದ ಮೇಲೂ ಬರ್ತಿತ್ತು. ಬಹಳ ವರ್ಷ ಬರ್ತಿತ್ತು. ಆಗ ಮರುಮದುವೆಗೆ ಅಂತ ಒಬ್ಬರು ಬಂದು ಕೇಳಿದ್ರಲ್ಲ, ಅವರೂ ಒಳ್ಳೆಯವರೇ. ನನಗೆ ಒಪ್ಪಿಗೆ ಇತ್ತು. ನಿಮ್ಮಪ್ಪಯ್ಯ ನನ್ನನ್ನ ಕೇಳ್ಲಿಲ್ಲ. ನೀನು ಬೇಡ ಅಂದ್ರೂ ಜನ ಬಿಡ್ಲಿಲ್ಲ, ನಾನು ಬೇಕು ಅನ್ನೋಕೂ ಬಿಡ್ಲಿಲ್ಲ.’

ಊರೆಲ್ಲ ನನಗೆ ಮಾಡಿದ್ದನ್ನು ನಾನು ನನ್ನ ಮನೆಯಲ್ಲೇ ಕೂತು ಮೂವತ್ತೆರಡು ವರ್ಷ ಅವಳಿಗೆ ಮಾಡಿದ್ದೆ. ಹಾಲು ಬೆಲ್ಲದ ಅಡಿಯಲ್ಲಿರುವ ಹುಳಿಯನ್ನು ಒಂದು ಗುಟುಕಿಗೆ ಹಿಡಿಯುವ ನಾಲಿಗೆ ನನ್ನದು ಎಂದು ವರ್ಕ್ಸಿನಲ್ಲಿ ನನಗೆ ಹೆಸರು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಗಿರಿಜೆಯನ್ನು ಕೇಳಿದ್ದನ್ನೇ ಕದ್ದು, ‘ಈಗ ನಿನಗೆ ಏನು ಬೇಕು ಅತ್ತೆ?’ ಎಂದೆ.

‘ಈಗೇನು ಬೇಕಪ್ಪ, ವಯಸ್ಸಾಯ್ತು,’ ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ, ‘ಹುಟ್ಟಿದಾಗಿಂದ ಎಲ್ಲರಿಗೂ ನಾನೇ ಕಾಫಿ ಮಾಡಿ ಕೊಡೋದಾಯ್ತು. ಒಂದು ದಿನ ಬೆಳಿಗ್ಗೆ ಯಾರಾದ್ರೂ ಮಾಡಿ ನನ್ನ ಕೈಗೆ ಕೊಟ್ರೆ ಕುಡೀಬೇಕು ಅಂತ ಆಸೆ,’ ಎಂದಳು.

ಮರುದಿನ ಅವಳಿಗಿಂತ ಮುಂಚೆ ಎದ್ದೆ. ವರ್ಕ್ಸಿನಿಂದ ತಂದಿದ್ದ ಮೊದಲ ದರ್ಜೆಯ ಬೀಜವನ್ನು ನಾನೇ ಹುರಿದೆ, ನಾನೇ ಪುಡಿ ಮಾಡಿದೆ, ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೆ. ಹಾಲು ಬೆಲ್ಲ ಹಾಕಿ, ದೊಡ್ಡ ಲೋಟದಲ್ಲಿ ತಂದು ಅವಳ ಕೈಗೆ ಕೊಟ್ಟು ಎದುರಿಗೆ ಕೂತೆ. ನೀಲತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಆಮೇಲೆ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಉಗುಳಿ ಬಂದು, ‘ಸೀದಿದೆ’ ಎಂದಳು.